ಅತ್ತೆ ಗ್ರಂಥಾಲಯ ನೋಡಿದ್ದು

ನಮ್ಮ ಮನೆ ಮಂದಿ ಯಾವುದೇ ಊರಿಗೆ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದು ಇದುವರೆಗೆ ನಡೆದಿಲ್ಲ. ವಿಮಾ ಕಚೇರಿಯಲ್ಲಿರುವ ನನ್ನ ಗಂಡನಿಗೆ ಸೂರತ್‌ಗೆ ವರ್ಗವಾಗಿ ಅಲ್ಲಿನ ಅಡಾಜಣ್ ಬಡಾವಣೆಯಲ್ಲಿ ಮನೆ ಮಾಡಿದೆವು. ಧಾರವಾಡದಿಂದ ಅತ್ತೆ ಬಂದರು. ಅಹಮದಾಬಾದಿನಲ್ಲಿ ನಳಂದದ ಪ್ರಾಚೀನ ಗ್ರಂಥಾಲಯದ ಮಾದರಿಯಲ್ಲಿ ಹೊಸದೊಂದು ಭವ್ಯ ಗ್ರಂಥಾಲಯ ಕಟ್ಟಿದ್ದಾರೆಂದು ಕೇಳಿ, ಮೂವರೂ ರೈಲು ಹತ್ತಿದೆವು.

ವಡೋದರಾ ಸ್ಟೇಷನ್

ಅಲ್ಲಿ ಹತ್ತಿದ ಹಿರಿಯ ಹೆಂಗಸೊಬ್ಬರು ನಾವು ಹೊರಟಿದ್ದೆಲ್ಲಿಗೆ ಎಂದು ವಿಚಾರಿಸಿದರು. ಗಂಡ ಹೇಳಿದ್ದೇ ತಡ, ಅವರ ಮುಖ ಸಪ್ಪಗಾಯಿತು.

"ಹಳೇದರ ಹಾಗೆ ಕಾಣೋ ಹೊಸದಕ್ಕೆ ಅಷ್ಟು ದೂರ ಯಾಕೆ? ನಮ್ಮೂರಲ್ಲಿ ನಿಜವಾಗಿ ಹಳೇ ಗ್ರಂಥಾಲಯವೇ ಇದೆ. ಇಳೀರಿ!" ಎಂದು ಹಿಂದಿಯಲ್ಲಿ ಹೇಳಿ, ನಮ್ಮ ಬ್ಯಾಗನ್ನು ತಾವೇ ಬಾಗಿಲವರೆಗೆ ಒಯ್ದರು. ಅಷ್ಟರಲ್ಲಿ ರೈಲು ಹೊರಟಿತು, ನನಗೆ ಹೋದ ಜೀವ ಬಂತು. ಅವರು ಮಾತ್ರ ಅಹಮದಾಬಾದ್ ಬರುವವರೆಗೂ ನಮ್ಮ ಜೊತೆ ಮಾತು ಬಿಟ್ಟರು.

ಮೆಟ್ಟಿಲ ಬಳಿ

ಕೆಂಪು ಇಟ್ಟಿಗೆಯ ಆ ಎತ್ತರದ ಕಟ್ಟಡ ಕಂಡೊಡನೆ ಅತ್ತೆ ಕೈಮುಗಿದು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು. ಹಿಂದೆ ಬಂದ ದಂಪತಿಗಳು ಅದನ್ನು ನೋಡಿ ತಾವೂ ಬಿಟ್ಟರು. ಅವರನ್ನು ನೋಡಿ ಇನ್ನೊಂದು ಗುಂಪು. ನಾನು ಮೇಲಿಂದ ತಿರುಗಿ ನೋಡಿದಾಗ ಕೆಳಗೆ ಚಪ್ಪಲಿಗಳ ರಾಶಿ. ಅದನ್ನೇ ದಿಟ್ಟಿಸುತ್ತಿದ್ದ ಕಾವಲುಗಾರ, ಯಾವುದಕ್ಕೂ ಇರಲಿ ಎಂದು ತನ್ನ ಬೂಟಿನ ಲೇಸು ಬಿಚ್ಚತೊಡಗಿದ್ದ.

ದುಂಡು ಸಭಾಂಗಣ

ಒಳಗೆ ನಟ್ಟನಡುವೆ ಛಾವಣಿ ಮುಟ್ಟುವ ಪುಸ್ತಕದ ಗೋಪುರ, ಸುತ್ತಲೂ ದುಂಡನೆಯ ಹಾದಿ. ನಾವು ಕತ್ತೆತ್ತಿ ನೋಡಿ ಕತ್ತಿಳಿಸುವಷ್ಟರಲ್ಲಿ ಅತ್ತೆ ಇಲ್ಲ!

ಅತ್ತೆಗೆ ಹಿಂದಿ ಬರದು, ಕೈಯಲ್ಲಿ ಫೋನಿಲ್ಲ, ನಮ್ಮ ಮನೆಯ ವಿಳಾಸವೂ ಗೊತ್ತಿಲ್ಲ. ಹೊರಗೆ ಹೋಗಿ ಯಾವುದೋ ಆಟೋ ಹತ್ತಿಬಿಟ್ಟರೆ? ಗ್ರಂಥಾಲಯದಲ್ಲಿ ಕೂಗುವಂತೆಯೂ ಇಲ್ಲ. ಗಂಡ ಪ್ರತಿ ಕಪಾಟಿನ ಸಂದಿಯಲ್ಲೂ ಇಣುಕಿ, "ಅವ್ವಾ... ಅವ್ವಾ..." ಎಂದು ಪಿಸುಗುಟ್ಟುತ್ತಾ ಸುತ್ತತೊಡಗಿದರು. ಹಿಂದೆ ನಾನು.

"ರೀ, ಎದುರು ದಿಕ್ಕಿನಿಂದ ಹೋಗಿ ನೋಡೂಣ್ರೀ" ಎಂದೆ. ಅವರು "ಹೂಂ" ಎಂದು ಅದೇ ದಿಕ್ಕಿನಲ್ಲೇ ನಡೆದರು.

ಸುತ್ತಿ ಸುತ್ತಿ ಕಾಲು ಸೋತು, ಅಳು ಬಂದು ಬೆಂಚಿನ ಮೇಲೆ ಕುಸಿದೆ. ಗಂಡನೂ ಕುಳಿತರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅತ್ತೆ ಸರಸರನೆ ನಡೆದುಬಂದರು. ನಾನು ಎದ್ದು ಅವರನ್ನು ತಬ್ಬಿಕೊಂಡೇಬಿಟ್ಟೆ.

"ಎಲ್ಲಿ ಹಾಳಾಗಿ ಹೋಗಿದ್ರೆವಾ ಇಬ್ರೂ? ನಿಮ್ಮನ್ನ ಹುಡಕೋತ ಸುತ್ತೇ ಸುತ್ತಾಕತ್ತೀನಿ!"

ಗಂಡನಿಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. "ನಾವೂ ಸುತ್ತಾಕತ್ತಿದ್ವಿ! ತಿರುಗಿ ಎದುರು ಬಂದಿದ್ರ ಸಿಗ್ತಿದ್ದಿಲ್ಲೇನವ್ವಾ?"

"ಅಪ್ರದಕ್ಷಿಣಿ ಬರ್ಲೇನು, ಸರಸ್ವತಿಗೆ?" ಅತ್ತೆ ಕಣ್ಣು ದೊಡ್ಡದು ಮಾಡಿದರು. "ಅಷ್ಟು ಓದಿದಾಂವ, ನೀ ಯಾಕ ಬರ್ಲಿಲ್ಲ?"

ಗಂಡ ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ನನಗೂ ಧೈರ್ಯ ಆಗಲಿಲ್ಲವ್ವಾ."