ಹೊಳಿಯವ್ವನ ಸಾಕ್ಷಿದಾರರು

‘ನಿನ್ನ ಹೆಸರು ಮತದಾರರ ಪಟ್ಟಿಯೊಳಗ ಹೆಣ್ಣಂತ ಬರಸ್ತೀನಿ ಬೇ’ ಎಂದು ಸೈಕಲ್ ಅಂಗಡಿಯ ಲಕ್ಷ್ಮಪ್ಪ, ಜೋಗವ್ವ ಹೊಳಿಯವ್ವನಿಗೆ ಮಾತು ಕೊಟ್ಟದ್ದು ತನ್ನ ಮದುವೆಯ ಹಂದರದಲ್ಲಿ. ಹೋಳಿಗೆ ಉಂಡ ಖುಷಿಯಲ್ಲಿ ಕೊಟ್ಟ ಮಾತು. ಕೈ ತೊಳೆಯುವಾಗಲೇ ಮರೆತಿದ್ದ.

ಹೊಳಿಯವ್ವ ಮರೆತಿರಲಿಲ್ಲ. ಗಂಡಾಗಿ ಹುಟ್ಟಿದವಳು ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು ಎಷ್ಟೋ ವರ್ಷವಾದರೂ ಪಟ್ಟಿಯಲ್ಲಿ ಅವಳಿನ್ನೂ ‘ಹೊಳಿಯಪ್ಪ, ಗಂಡು’. ಮತದಾನದ ದಿನ ಗಂಡಸರ ಸಾಲಿನವರು ಅವಳನ್ನು ಅತ್ತ ಕಳಿಸುತ್ತಿದ್ದರು, ಹೆಂಗಸರ ಸಾಲಿನ ಪೊಲೀಸ ಇತ್ತ ಕಳಿಸುತ್ತಿದ್ದ.

ಎರಡು ಸಾವಿರದ ಏಳರ ಪುರಸಭೆ ಚುನಾವಣೆಗೆ ರೋಣದ ಅವರ ಓಣಿಯ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಹೆಂಡತಿ ಅನಿತಾಳನ್ನು ನಿಲ್ಲಿಸಬೇಕೆಂದು ಲಕ್ಷ್ಮಪ್ಪ ಬೆಳಿಗ್ಗೆಯೇ ಪಕ್ಷದ ಅಧ್ಯಕ್ಷರ ಕಟ್ಟೆಗೆ ಓಡಿದ.

“ಹೊಳಿಯವ್ವನ ಮಾತು ಓಣಿ ಪೂರ್ತಿ ಕೇಳ್ತೈತಿ. ಆಕೀನ ನಮ್ಮ ಕಡೆ ಕರಕೊಂಬಾ. ಸಂಜಿಗೆ ಟಿಕೆಟ್ ಹೇಳ್ತೀನಿ” ಎಂದರು ಅವರು.

ಹೊಳಿಯವ್ವ ಎಲೆ ಅಡಿಕೆ ಮೆಲ್ಲುತ್ತ, “ಬರ್ತೀನೋ ತಮ್ಮಾ. ಮೊದಲ ನಿನ್ನ ಮದವಿ ದಿನದ ಮಾತು ನಡಸು. ಪಟ್ಟಿ ತಿದ್ದಾಕ ಇವತ್ತ ಕಡೀ ದಿನ” ಎಂದಳು.

ತಹಶೀಲ್ದಾರ ಕಚೇರಿಯ ಗುಮಾಸ್ತ ಅವರಿಬ್ಬರು ತಂದ ಅರ್ಜಿಯನ್ನು ಸತ್ತ ಇಲಿ ಹಿಡಿದಂತೆ ತುದಿಯಲ್ಲಿ ಹಿಡಿದ. “ಇದನ್ನ ಹ್ಯಾಂಗ ನಂಬೋದ್ರಿ? ಓಣಿಯಾಗಿನ ಇಬ್ಬರು ಸಾಕ್ಷಿ ತರ್ರಿ.”

ಲಕ್ಷ್ಮಪ್ಪ ಬಳೆ ಮಾರುವ ಮಾಬೂಬಿಯನ್ನು ಕರೆದ. ಅವಳು ದಾರಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳಿಕೊಂಡೇ ಬಂದಳು. ಹೊಳಿಯವ್ವ ಚೌಡಿಕೆ ಬಾರಿಸಿ ಹಾಡದ ಮದುವೆ ಆ ಓಣಿಯಲ್ಲಿರಲಿಲ್ಲ. ಒಲೆಯ ಮೇಲಿನ ಸಾರು ಬಿಟ್ಟು ಓಣಿಯೇ ಎದ್ದು ಬಂತು; ಎದುರು ಪಕ್ಷದವರೂ ಬಂದರು.

ಮಾಬೂಬಿ ಹೊಳಿಯವ್ವನ ಕೈ ಹಿಡಿದು ಮೇಜಿನ ಮೇಲಿಟ್ಟಳು. “ಈ ಕೈಗೆ ಬಳಿ ಇಡಿಸಿದಾಕಿ ನಾನ ಅದೀನ್ರಿ. ಗಂಡಸರಿಗೆ ಬಳಿ ಇಡಸಾಕ ನನಗೇನ ಹುಚ್ಚ ಹಿಡದೈತೇನ್ರಿ?”

ಗದ್ದಲಕ್ಕೆ ಹೊರಬಂದ ತಹಶೀಲ್ದಾರ ಸಾಹೇಬರು ಮಂದಿಯನ್ನು ನೋಡಿದವರೇ ಸಹಿ ಹಾಕಿದರು. ‘ಹೊಳಿಯವ್ವ, ಹೆಣ್ಣು.’ ಅವಳು ಅದನ್ನು ಮತ್ತೆ ಮತ್ತೆ ಓದಿಸಿ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಲಕ್ಷ್ಮಪ್ಪ ಇಡೀ ಗುಂಪನ್ನು ಅಧ್ಯಕ್ಷರ ಕಟ್ಟೆಗೆ ತಿರುಗಿಸಿದ. ಅಧ್ಯಕ್ಷರು ಎದ್ದು ನಿಂತರು.

“ಇಷ್ಟೂ ಮಂದಿ ಇಕಿ ಹಿಂದ ಬಂದಾರೇನು?”

“ಹೌದ್ರಿ. ಎದುರು ಪಕ್ಷದವರೂ ಅದಾರ್ರಿ.”

“ಪಟ್ಟಿಯೊಳಗ ಹೆಣ್ಣಂತ ಆತೇನು?”

“ನಾನ ಮುಂದ ನಿಂತು ಮಾಡಿಸೀನ್ರಿ” ಎಂದು ಲಕ್ಷ್ಮಪ್ಪ ಎದೆಯುಬ್ಬಿಸಿದ.

“ಭಾಳ ಚಲೋ ಮಾಡಿದಿ. ವಾರ್ಡಂತೂ ಹೆಣ್ಮಕ್ಕಳದ. ಎದುರಿನವರು ಕರಿಯೂದರೊಳಗ ನಾವ ಕರಿಯೂಣು” ಎಂದವರೇ ಅಧ್ಯಕ್ಷರು ಅನಿತಾಳಿಗೆಂದು ಲಕ್ಷ್ಮಪ್ಪ ತಂದಿದ್ದ ಹಾರವನ್ನು ಹೊಳಿಯವ್ವನ ಕೊರಳಿಗೆ ಹಾಕಿದರು. “ಟಿಕೆಟ್ ಈ ಅವ್ವಗ.”

ಮನೆಯಲ್ಲಿ ಅನಿತಾ ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು.

“ಏನಾತ್ರಿ?”

ಲಕ್ಷ್ಮಪ್ಪ ಚಪ್ಪಲಿ ಬಿಟ್ಟ. ಮದುವೆಯ ಹಂದರದಲ್ಲಿ ಕೊಟ್ಟ ಮಾತನ್ನು ಅವನು ನಡೆಸಿದ್ದ.