ತ್ರಿವಿಕ್ರಮನ ಅಭಿಪ್ರಾಯಮಾಪಕ

"ಅತ್ತಿಗೆ, ಇವತ್ತಿಂದ ಈ ಹಾಸನದಲ್ಲಿ ಒಬ್ಬನೇ ಒಬ್ಬ ಓದುಗ ಸುಳ್ಳು ಹೇಳೋ ಹಾಗಿಲ್ಲ!"

ಹೀಗೆ ಘೋಷಿಸಿದ ತ್ರಿವಿಕ್ರಮ ಊಟದ ಮೇಜಿನ ಮೇಲೆ ಹೊದಿಸಿದ್ದ ಟವೆಲ್ಲನ್ನು ಸರ್ರನೆ ಎಳೆದ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಈ ಮೈದುನ ಏನಾದರೊಂದು ಕಂಡುಹಿಡಿಯದೆ ಇದ್ದ ವಾರವಿಲ್ಲ. ವನಮಾಲಾ ಬಗ್ಗಿ ನೋಡಿದಳು. ಅವಳಿಗೆ ಮೊದಲು ಕಂಡದ್ದು ಯಂತ್ರವಲ್ಲ, ವಾರದಿಂದ ಮನೆಯೆಲ್ಲ ಹುಡುಕುತ್ತಿದ್ದ ತನ್ನ ಇಡ್ಲಿ ಪಾತ್ರೆ!

"ಇದರೊಳಗೆ ತಂತಿ ಸುತ್ತಿದ್ದೀಯಲ್ಲೋ! ಮೈಸೂರಿಂದ ವಿಜಯವಲ್ಲಿ ಮೇಡಂ ತಿಂಡಿಗೆ ಬರ್ತಾ ಇದ್ದಾರೆ. ಇಡ್ಲಿ ಎಲ್ಲಿ ಬೇಯಿಸ್ಲಿ? ನಿನ್ನ ತಲೆ ಮೇಲಾ?"

"ಇಡ್ಲಿ ಯಾವಾಗ ಬೇಕಾದ್ರೂ ತಿನ್ನಬಹುದು ಅತ್ತಿಗೆ. ಇದು ಅಭಿಪ್ರಾಯಮಾಪಕ! ಪುಸ್ತಕಾನ ಕೆಳಗಿನ ತಟ್ಟೇಲಿ ಇಡಬೇಕು. ಓದಿದವರು ಮೇಲಿನ ತಟ್ಟೆ ಮೇಲೆ ಕೈ ಇಡಬೇಕು. ಅವರ ಮನಸ್ಸಲ್ಲಿ ಏನಿದೆಯೋ ಅದೇ ಸ್ಪೀಕರಲ್ಲಿ ಬರುತ್ತೆ."

ತಾನು ಮೆಚ್ಚಿ ಮೆಚ್ಚಿ ಎಲ್ಲರಿಗೂ ಶಿಫಾರಸು ಮಾಡಿದ್ದ ಒಂದು ದಪ್ಪ ಅಂತರಿಕ್ಷ ಕಾದಂಬರಿಯನ್ನು ಒಳಗಿಟ್ಟು ಅವನು ಮೇಲೆ ಅಂಗೈ ಊರಿದ. ಪಾತ್ರೆ ಗುರ್ರೆಂದಿತು. ಆಮೇಲೆ ಅವನದೇ ಧ್ವನಿಯಲ್ಲಿ, "ಅರ್ಧ ಪುಸ್ತಕ ಬರೀ ರಾಕೆಟ್ಟಿಗೆ ಎಣ್ಣೆ ಹಾಕಿದ್ದೇ ಆಯ್ತು! ತೂಕಡಿಸಿ ತೂಕಡಿಸಿ ಮುಗಿಸಿದೆ!" ಎಂದಿತು.

"ನೋಡಿದ್ರಾ? ಅಪ್ಪಟ ನಿಜ!" ಎಂದು ತ್ರಿವಿಕ್ರಮ ತನ್ನ ಮಾನ ಹೋದದ್ದಕ್ಕೂ ಹಿಗ್ಗಿದ.

ವನಮಾಲಾಳಿಗೆ ಮಾತ್ರ ದಿಗಿಲಾಯಿತು. ಅವಳು ಹದಿಹರೆಯದವರಿಗಾಗಿ ಬರೆದ 'ಆರು ಚಂದ್ರರ ಕೋಟೆ' ಎಂಬ ಮೊದಲ ಕಾದಂಬರಿಯ ಬಗ್ಗೆ ಅಂದು ಸಮುದಾಯ ಭವನದಲ್ಲಿ ಸಂವಾದ. ಎರಡನೇ ಭಾಗ ಬರೆಯುತ್ತೀರೋ ಇಲ್ಲವೋ ಎಂದು ಪ್ರಕಾಶಕರು ಕೇಳಿದ್ದರು, ನಾಳೆಯೇ ಉತ್ತರ ಹೇಳಬೇಕು. ಹೇಳುವುದಾದರೂ ಏನನ್ನು? ಸಿಕ್ಕಿದವರೆಲ್ಲ "ತುಂಬ ಚೆನ್ನಾಗಿದೆ" ಎನ್ನುತ್ತಿದ್ದರು, ಹೆಚ್ಚಿಗೆ ಕೇಳಿದರೆ ಮಾತು ಬದಲಿಸುತ್ತಿದ್ದರು. ಒಂಬತ್ತನೇ ತರಗತಿಯ ಮಗಳು ಹಂಸಿನಿಯಂತೂ "ಪರವಾಗಿಲ್ಲಮ್ಮ" ಎಂದು ಬಾಯಿ ಮುಚ್ಚಿದ್ದಳು. ಮಕ್ಕಳಿಗಾಗಿ ಬರೆದದ್ದು ಮನೆಯ ಮಗುವಿಗೇ ರುಚಿಸದಿದ್ದರೆ ಲೇಖನಿ ಕೆಳಗಿಡುವುದೇ ಮೇಲು ಎಂದು ವನಮಾಲಾ ತೀರ್ಮಾನಿಸಿಬಿಟ್ಟಿದ್ದಳು.

"ಹಂಸಿ, ಅಮ್ಮನ ಕಾದಂಬರಿ ತಗೊಂಡು ಬಾ! ನಿನ್ನ ಕೈ ಇಡು!" ಎಂದ ತ್ರಿವಿಕ್ರಮ.

ಹಂಸಿನಿ ಬ್ಯಾಗನ್ನು ಎದೆಗೆ ಅವಚಿಕೊಂಡಳು. "ಸ್ಕೂಲಿಗೆ ಲೇಟಾಯ್ತು ಚಿಕ್ಕಪ್ಪ!"

"ಇವತ್ತು ಭಾನುವಾರ ಕಣೇ!"

ಅಷ್ಟರಲ್ಲಿ ಅವಳು ಗೇಟು ದಾಟಿಯಾಗಿತ್ತು. ವನಮಾಲಾ ಇದ್ದ ಒಂದಿಷ್ಟು ಆಸೆಯನ್ನೂ ಬಿಟ್ಟು, ಸಿಟ್ಟಿನಿಂದ ಯಂತ್ರದ ತಟ್ಟೆಗಳನ್ನು ಕಿತ್ತು, ತೊಳೆದು, ಇಡ್ಲಿಗೆ ಇಟ್ಟಳು. ತಿಂಡಿಯಾದ ಮೇಲೆ ತಟ್ಟೆಗಳನ್ನು ಒರೆಸಿ ತಾನೇ ಮತ್ತೆ ಜೋಡಿಸಿಕೊಟ್ಟಳು. ಇಡ್ಲಿ ತಟ್ಟೆಗಳಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಯಾವ ಗೃಹಿಣಿ ಯೋಚಿಸುತ್ತಾಳೆ ಹೇಳಿ!

ಸಮುದಾಯ ಭವನದಲ್ಲಿ ಮಕ್ಕಳೂ ದೊಡ್ಡವರೂ ಕಿಕ್ಕಿರಿದಿದ್ದರು. ವೇದಿಕೆಯ ಮೇಲೆ ತ್ರಿವಿಕ್ರಮನ ಯಂತ್ರವೂ ಸಿದ್ಧವಾಗಿ ಕೂತಿತ್ತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರ್ ನಂಜುಂಡಾರಾಧ್ಯರು. ಊರಿನ ಯಾವ ಪುಸ್ತಕವೂ ಅವರ ಹಾರೈಕೆಯಿಲ್ಲದೆ ಹೊರಬಂದದ್ದಿಲ್ಲ. ಅವರು ಮೈಕು ಹಿಡಿದು, "ಈ ಕೃತಿಯನ್ನು ನಾನು ಒಂದೇ ಉಸಿರಿಗೆ ಓದಿದೆ. ಮುಗಿದ ಮೇಲೆ ಮತ್ತೊಮ್ಮೆ ಓದಿದೆ!" ಎಂದರು. ಚಪ್ಪಾಳೆ ಬಿತ್ತು.

"ಹಾಗಾದ್ರೆ ಮೊದಲ ಕೈ ನಿಮ್ಮದೇ ಸಾರ್!" ಎಂದು ತ್ರಿವಿಕ್ರಮ ಅವರ ಪ್ರತಿಯನ್ನು ಕೆಳತಟ್ಟೆಯಲ್ಲಿಟ್ಟು, ಅವರ ಕೈಯನ್ನು ಮೇಲಿನ ತಟ್ಟೆಗೆ ಒತ್ತಿದ.

ಗುರ್ರೆಂದಿತು. ಬಂದದ್ದು ಆರಾಧ್ಯರ ಧ್ವನಿಯಲ್ಲ, ಕಾಗದ ಸರಬರ ಎಂದಂಥ ಒಣ ಧ್ವನಿ! "ಈ ಯಜಮಾನರು ಯಾರು ಅಂತಲೇ ನನಗೆ ಗೊತ್ತಿಲ್ಲ. ಬಂದ ದಿನದಿಂದ ಇವರ ಮನೆ ಟೀಪಾಯಿ ಕುಂಟದ ಹಾಗೆ ಅದರ ಕಾಲಿನ ಕೆಳಗೆ ಬಿದ್ದಿದ್ದೆ. ಬೆನ್ನು ನೋವು!"

ಹಿಂದಿನ ಸಾಲಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅತ್ತಿಗೆ!" ತ್ರಿವಿಕ್ರಮ ಪಿಸುಗುಟ್ಟಿದ. "ತಟ್ಟೆ ಅದಲು ಬದಲು ಮಾಡಿಬಿಟ್ಟಿದ್ದೀರಿ! ಪುಸ್ತಕದ ಬಗ್ಗೆ ಓದುಗ ಹೇಳೋದು ಬಿಟ್ಟು, ಓದುಗನ ಬಗ್ಗೆ ಪುಸ್ತಕ ಹೇಳ್ತಾ ಇದೆ!"

"ಮೊದಲು ಅದನ್ನ ಆಫ್ ಮಾಡೋ!"

ಆದರೆ ವಿಜಯವಲ್ಲಿ ಮೇಡಂ ಆಗಲೇ ಮುಂದೆ ಬಂದಿದ್ದರು. ವಿಶ್ವವಿದ್ಯಾಲಯದಲ್ಲಿ ಕಲ್ಪನಾ ಸಾಹಿತ್ಯ ಕಲಿಸುವವರು ಯಂತ್ರಕ್ಕೆ ಹೆದರುತ್ತಾರೆಯೇ? "ಕಾದಂಬರಿಯ ಆಳದಲ್ಲಿರುವ ಪ್ರತಿರೋಧದ ನೆಲೆಗಳನ್ನು ನಾನು ಗುರುತಿಸಿದ್ದೇನೆ" ಎನ್ನುತ್ತ ತಮ್ಮ ಪ್ರತಿ ಒಳಗಿಟ್ಟು ಕೈಯೂರಿದರು.

"ಇವರು ಬೆನ್ನುಡಿ ಓದಿದರು. ಅದೂ ಅರ್ಧ!" ಎಂದಿತು ಪುಸ್ತಕ.

"ಅರ್ಧ ಅಲ್ಲ, ಮುಕ್ಕಾಲು!" ಎಂದು ಮೇಡಂ ಕಿರುಚಿ, ತಾವು ಹೇಳಿದ್ದು ತಮಗೇ ಕೇಳಿಸಿ ಕುರ್ಚಿಯಲ್ಲಿ ಕುಸಿದರು.

ತ್ರಿವಿಕ್ರಮ ಗಾಬರಿಯಲ್ಲಿ ಗುಂಡಿ ತಿರುಗಿಸಿದ. ತಿರುಗಿಸಿದ್ದು ಉಲ್ಟಾ! ಯಂತ್ರ ಸೀಟಿ ಹೊಡೆಯಿತು. ಇನ್ನು ತಟ್ಟೆಯೂ ಬೇಕಿಲ್ಲ, ಕೈಯೂ ಬೇಕಿಲ್ಲ, ಭವನದಲ್ಲಿದ್ದ ಪುಸ್ತಕಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು!

"ಈ ಹುಡುಗ ಯುದ್ಧ ಬಂದ ಕಡೆ ಮಾತ್ರ ಓದ್ತಾನೆ, ಪ್ರೀತಿ ಬಂದ ಕೂಡಲೇ ಪುಟ ಹಾರಿಸ್ತಾನೆ!" ಎಂದಿತು ಒಬ್ಬನ ಮಡಿಲಿನ ಡ್ರ್ಯಾಗನ್ ಕಾದಂಬರಿ.

"ನನ್ನ ಹುಡುಗಿ ಅದಕ್ಕೆ ತದ್ವಿರುದ್ಧ. ರಾಜಕುಮಾರ ಬರೋ ಪುಟ ಸವೆದೇ ಹೋಗಿದೆ!" ಎಂದಿತು ಪಕ್ಕದ್ದು. ಅದರ ಒಡತಿ ಮುಖ ಮುಚ್ಚಿಕೊಂಡಳು.

ಗೋಡೆಯ ಬದಿಯ ಬೀರುವಿನಲ್ಲಿದ್ದ ವಿಜ್ಞಾನ ಕತೆಗಳೆಲ್ಲ ಗಾಜು ಬಡಿಯತೊಡಗಿದವು. "ಬೀಗದ ಕೈ ಎಲ್ಲಿ ಹಾಳಾಯ್ತು? ನಮ್ಮೊಳಗಿನ ರೋಬಾಟುಗಳಿಗೆಲ್ಲ ವಯಸ್ಸಾಗಿ ಹೋಯ್ತು!"

ವನಮಾಲಾ ಕಿವಿ ಮುಚ್ಚಿಕೊಂಡು ಸ್ವಿಚ್ಚಿನತ್ತ ಓಡಿದಳು. ಮಗಳ ಕುರ್ಚಿಯ ಬಳಿ ಅವಳ ಕಾಲು ನಿಂತೇಬಿಟ್ಟಿತು. ಹಂಸಿನಿಯ ಬ್ಯಾಗು ಬಿಕ್ಕಿ ಬಿಕ್ಕಿ ಅಳುತ್ತಿತ್ತು.

"ನನ್ನ ಕೊನೇ ಅಧ್ಯಾಯ ಎಲ್ಲಿ? ಈ ಹುಡುಗಿ ಹರಿದು ಹಾಕಿಬಿಟ್ಟಳು!"

"ನಂದೂ ಇಲ್ಲ!" ಎಂದಿತು ಹಿಂದಿನ ಸಾಲಿನ ಒಂದು 'ಆರು ಚಂದ್ರರ ಕೋಟೆ'. "ನಂದೂ!" ಎಂದಿತು ಇನ್ನೊಂದು. ಹಂಸಿನಿಯ ತರಗತಿಯ ಪ್ರತಿಗಳೆಲ್ಲ ಒಂದೇ ರಾಗ ತೆಗೆದವು.

ವನಮಾಲಾ ಮಗಳ ಬ್ಯಾಗಿನಿಂದ ಪುಸ್ತಕವನ್ನು ಹೊರಗೆಳೆದಳು. "ಹರಿದು ಹಾಕುವಷ್ಟು ಕೆಟ್ಟದಾಗಿತ್ತೇನೇ?"

ಹಂಸಿನಿ ಎದ್ದು ನಿಂತಳು. ಕಣ್ಣಲ್ಲಿ ನೀರು, ಮೂಗಿನ ಮೇಲೆ ಕೋಪ. "ಕೆಟ್ಟದಾಗಿದ್ರೆ ಯಾರಮ್ಮಾ ಅಷ್ಟು ಕಷ್ಟಪಡ್ತಾರೆ? ನಿನ್ನ ಹೀರೋಯಿನ್ ಕಿನ್ನರಿ ಆರನೇ ಚಂದ್ರನ ಬಾಗಿಲು ತೆಗೀತಾಳೆ ಅನ್ನುವಾಗ ನಾವೆಲ್ಲ ಉಸಿರು ಬಿಗಿ ಹಿಡ್ಕೊಂಡು ಓದಿದ್ವಿ. ಆಮೇಲೆ ನೀನು ಏನು ಮಾಡಿದೆ? ಅಲಾರಾಂ ಹೊಡೀತು, ಎಲ್ಲಾ ಕನಸು, ಕಿನ್ನರಿ ಮುಖ ತೊಳೆದು ಬೀಜಗಣಿತ ಓದೋಕೆ ಕೂತಳು! ಥೂ! ಅದಕ್ಕೇ ಹರಿದ್ವಿ. ಈಗ ಅವಳು ಬಾಗಿಲ ಹತ್ರಾನೇ ಇದ್ದಾಳೆ."

"ಮತ್ತೆ 'ಪರವಾಗಿಲ್ಲ' ಅಂದೆಯಲ್ಲ?"

"ಚೆನ್ನಾಗಿದೆ ಅಂದ್ರೆ ನೀನು ಕೊನೆ ಹೇಗಿದೆ ಅಂತ ಕೇಳ್ತಿದ್ದೆ. ನಿಂಗೆ ಬೇಜಾರಾಗ್ತಿತ್ತು."

ವನಮಾಲಾಳ ಎದೆಯ ಮೇಲಿದ್ದ ಭಾರ ಪೂರ್ತಿ ಇಳಿದುಹೋಯಿತು. ಎಷ್ಟು ನಿರಾಳವಾಯಿತೆಂದರೆ ಅವಳು ಅಲ್ಲೇ ನೆಲದ ಮೇಲೆ ಕೂತು ನಕ್ಕಳು. ಆ ಕೊನೆ ಅವಳಿಗೂ ಬೇಡವಾಗಿತ್ತು! "ಮಕ್ಕಳ ಪುಸ್ತಕ ಅಂದ ಮೇಲೆ ಕೊನೇಲಿ ನೀತಿ ಇರಬೇಕಮ್ಮ" ಎಂದು ಒಬ್ಬ ಹಿರಿಯರು ಹಟ ಹಿಡಿದಿದ್ದರಿಂದ ಮನಸ್ಸಿಲ್ಲದೆ ಅಂಟಿಸಿದ್ದು. ಮಲಗಿಸಿಬಿಟ್ಟ ಕಿನ್ನರಿಯನ್ನು ಎರಡನೇ ಭಾಗಕ್ಕೆ ಹೇಗೆ ಎಬ್ಬಿಸುವುದೆಂದು ಅವಳಿಗೂ ತೋಚಿರಲಿಲ್ಲ. ಈ ಮಕ್ಕಳು ಕಿನ್ನರಿಯನ್ನು ಮಲಗಲಿಕ್ಕೇ ಬಿಟ್ಟಿಲ್ಲ!

"ಬರೀತೀನಿ ಕಣೇ. ಬಾಗಿಲ ಹತ್ರದಿಂದಲೇ ಶುರು ಮಾಡ್ತೀನಿ" ಎಂದಳು. ಮಕ್ಕಳ ಖುಷಿಯ ಕೂಗಿಗೆ ಬೀರುವಿನ ಪುಸ್ತಕಗಳೂ ಸುಮ್ಮನಾದವು.

ತ್ರಿವಿಕ್ರಮ ಕೊನೆಗೂ ಪ್ಲಗ್ಗು ಕಿತ್ತ. ಭವನ ಶಾಂತವಾಯಿತು. ಎಲ್ಲರಿಗೂ ಮಸಾಲೆ ವಡೆ, ಕಾಫಿ ಹಂಚಲಾಯಿತು. ಆದರೆ ಇಡ್ಲಿ ಪಾತ್ರೆಯಲ್ಲಿ ಇನ್ನೂ ಒಂದಿಷ್ಟು ವಿದ್ಯುತ್ತು ಉಳಿದಿತ್ತೆಂದು ಕಾಣುತ್ತದೆ. ಆರಾಧ್ಯರು ವಡೆ ಕಚ್ಚಿದ್ದೇ ತಡ, ವಡೆಯ ಕೆಳಗಿನ ಕಾಗದ ಮಾತಾಡಿತು!

"ಅಬ್ಬಾ! ಅಚ್ಚಾದ ಮೇಲೆ ಇವತ್ತೇ ಮೊದಲು ನಾನು ಒಬ್ಬರ ಉಪಯೋಗಕ್ಕೆ ಬಂದದ್ದು!"

"ಹರಿದ ಹಾಳೆಗಳನ್ನ ಎಸೆಯೋಕೆ ಮನಸ್ಸು ಬರ್ಲಿಲ್ಲಮ್ಮ, ವಡೆ ಕೆಳಗಿಡೋಕೆ ಕೊಟ್ಟೆ" ಎಂದು ಹಂಸಿನಿ ತಾಯಿಯ ಬೆನ್ನ ಹಿಂದೆ ಸರಿದಳು. "ನೀನು ಬರೆದದ್ದಲ್ವಾ."

ಆರಾಧ್ಯರು ಕನ್ನಡಕ ಏರಿಸಿ, ಎಣ್ಣೆ ಹೀರಿದ್ದ ಆ ಹಾಳೆಯನ್ನು ಬೆಳಕಿಗೆ ಹಿಡಿದು ಕೊನೆಯ ಸಾಲಿನವರೆಗೂ ಓದಿದರು. ಆ ಕಾದಂಬರಿಯಲ್ಲಿ ಅವರು ಓದಿದ ಮೊದಲ ಪುಟ ಅದು. ಅವರು ಮುಖ ಸಿಂಡರಿಸಿದರು.

"ಕೊನೆ ತೀರಾ ಸಪ್ಪೆ ಆಯ್ತಲ್ಲಮ್ಮ. ಯಾರು ಹೀಗೆ ಬರೆಯೋಕೆ ಹೇಳಿದ್ದು ನಿನಗೆ?"

"ತಾವೇ ಸಾರ್" ಎಂದಳು ವನಮಾಲಾ. "ಇನ್ನೊಂದು ವಡೆ ಹಾಕ್ಲಾ?"