ಪ್ರಭಾರ ಸಾಹೇಬರ ಕುರ್ಚಿ ಮತ್ತು ಜರ್ಮನಿಯ ಚಾನ್ಸೆಲರ್

ದೊಡ್ಡ ಕುರ್ಚಿಯ ಪಕ್ಕ ಸಣ್ಣ ಕುರ್ಚಿ ಹಾಕಿಕೊಂಡು ಕೂತವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ನಗಿಸುವ ಪ್ರಸಂಗಗಳು ತಾವಾಗಿಯೇ ಬಾಗಿಲು ತಟ್ಟುತ್ತಿರುತ್ತವೆ. ನಾನು ಮಂಡ್ಯದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ವೈಸ್ ಚಾನ್ಸೆಲರರ ಆಪ್ತ ಸಹಾಯಕ. ನಮ್ಮ ಸಾಹೇಬರು ಪ್ರಭಾರ. ಅಂದರೆ ಕಾಯಂ ಆದವರು ಬರುವ ತನಕ ಕುರ್ಚಿ ಕಾಯುವವರು. ಆದೇಶ ಬಂದ ದಿನವೇ ಎದ್ದು ಹೋಗಬೇಕು. ಹಾಗಾಗಿ ಅವರು ಆ ಕುರ್ಚಿಗೆ ಬೆನ್ನು ಒರಗಿಸಿದ್ದನ್ನು ನಾನು ನೋಡೇ ಇಲ್ಲ. ಫೋನು ಗುಂಯ್ ಅಂದರೆ ಎದ್ದು ನಿಲ್ಲುವರು, ನಿಂತವರು ಕಿಟಕಿಗೆ ಹೋಗುವರು, ಕಿಟಕಿಯಿಂದ ನನ್ನ ಮೇಜಿಗೆ ಬರುವರು.

ಅವರಿಗಿದ್ದದ್ದು ಒಂದೇ ಆಸೆ. ಜರ್ಮನಿಯ ಒಂದು ವಿಶ್ವವಿದ್ಯಾಲಯದ ಜೊತೆಗಿನ ಒಪ್ಪಂದಕ್ಕೆ ತಾವೇ ಸಹಿ ಹಾಕಿ ಹೋಗಬೇಕು. "ಶಂಕುಸ್ಥಾಪನೆಯ ಕಲ್ಲಿನ ಮೇಲಂತೂ ನನ್ನ ಹೆಸರು ಬರಲಿಲ್ಲ ಕಣ್ರೀ, ಕಾಗದದ ಮೇಲಾದರೂ ಇರಲಿ" ಅನ್ನುವರು. ನನಗೆ ಅಯ್ಯೋ ಅನ್ನಿಸುತ್ತಿತ್ತು. ಅವರ ಚಡಪಡಿಕೆ ಅಂಟುಜಾಡ್ಯದ ಹಾಗೆ ನನಗೂ ಹತ್ತಿಕೊಂಡಿತ್ತು.

ಅಸಲಿ ಯಾರು?

ಪೂರಿಗಾಲಿಯ ರೈತರೊಬ್ಬರು ಮಗಳ ಅಂಕಪಟ್ಟಿಗೆಂದು ಬಂದವರು ನೇರ ನನ್ನ ಮುಂದೆ ನಿಂತರು.

"ಇಲ್ಲಿ ದೊಡ್ಡೋರು ಯಾರ್ ಸಾ?"

"ವೈಸ್ ಚಾನ್ಸೆಲರ್."

"ವೈಸು ಗೀಸು ಬ್ಯಾಡ. ನಮ್ಮೂರ್ ಸೊಸೈಟೀಲೂ ಒಬ್ಬ ವೈಸ್ ಪ್ರೆಸಿಡೆಂಟ್ ಅವ್ನೆ, ಟೀ ಕುಡಿಯಕ್ ಬತ್ತಾನೆ, ಓಯ್ತಾನೆ. ಅಸಲಿ ಯಾರು ಯೋಳಿ."

ಅಸಲಿ ಚಾನ್ಸೆಲರ್ ಅಂದರೆ ರಾಜ್ಯಪಾಲರು, ಅವರು ಘಟಿಕೋತ್ಸವಕ್ಕೆ ಬರುತ್ತಾರೆ, ದಿನದ ಕೆಲಸವೆಲ್ಲ ವೈಸ್ ಅವರದೇ, ಇದು ಇಂಗ್ಲೆಂಡಿನಿಂದ ಬಂದ ಪದ್ಧತಿ ಎಂದು ವಿವರಿಸಿದೆ.

"ಅಂದ್ರೆ ಎಸ್ರು ಒಬ್ರುದು, ಓಡಾಟ ಇನ್ನೊಬ್ರುದು?"

"ಹಾಗೇ ಅಂದ್ಕೊಳ್ಳಿ."

ಅವರ ಮುಖ ಅರಳಿತು. "ಇದ್ಕೆ ಇಂಗ್ಲೆಂಡ್‌ಗಂಟ ಯಾಕ್ ಓಗ್ಬೇಕು ಸಾ? ನಮ್ ಪಂಚಾಯ್ತೀಲಿ ನನ್ ಎಂಡ್ರು ಅಧ್ಯಕ್ಷೆ. ಅಂಗಾರೆ ನಾನೂ ವೈಸ್ ಚಾನ್ಸೆಲರ್ರೇ ಬುಡಿ!"

ಪೇಟ ಯಾರ ತಲೆಗೆ?

ಜರ್ಮನಿಯಿಂದ ಇಬ್ಬರು ಬಂದರು. ಒಬ್ಬರು ಗಿಡ್ಡ ಕೂದಲಿನ ಹೆಂಗಸು, ರೆಕ್ಟರ್. ಇನ್ನೊಬ್ಬರು ಆರಡಿ ಎತ್ತರದ ಬಿಳಿ ತಲೆಯವರು, ಚಾನ್ಸೆಲರ್. ರೆಕ್ಟರ್ ಅಂದರೆ ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯವೂ ಕಾಣಲಿಲ್ಲ, ಚಾನ್ಸೆಲರ್ ಅಂದರೆ ಗೊತ್ತಿತ್ತಲ್ಲ! ಕಾರಿನಲ್ಲಿ ಅವರಿಗೆ ಹಿಂದಿನ ಎಡಗಡೆಯ ದೊಡ್ಡವರ ಸೀಟು. ರೆಕ್ಟರಮ್ಮನಿಗೆ ಡ್ರೈವರ್ ಪಕ್ಕ, ಮಡಿಲಲ್ಲಿ ಮದ್ದೂರು ವಡೆಯ ಪೊಟ್ಟಣ.

ಮದ್ದೂರಿನ ಹೋಟೆಲಿನಲ್ಲಿ ಆ ಚಾನ್ಸೆಲರ್ ವಡೆ ತಿನ್ನುವುದು ಬಿಟ್ಟು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ನೋಡಿದರು. ಗ್ಯಾಸು, ಕರೆಂಟು, ಕೆಲಸದವರ ರಜೆ, ಎಲ್ಲ ವಿಚಾರಿಸಿದರು. ಜೊತೆಗೆ ಬಂದಿದ್ದ ನಮ್ಮ ಕುಲಸಚಿವರು ಕೊತ್ತತ್ತಿಯವರು. "ದೊಡ್ಡೋರು ಅಂದ್ರೆ ಇಂಗಿರ್ಬೇಕು, ಎಷ್ಟು ಸರಳ ನೋಡ್ಲಾ!" ಎಂದು ನನ್ನ ಪಕ್ಕೆಗೆ ತಿವಿದರು.

ಸಭೆಯಲ್ಲಿ ಚಾನ್ಸೆಲರರ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ರೆಕ್ಟರಮ್ಮ ಕೊನೆಯ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಪೇಟ ಹೊತ್ತವರು ಬೆವರಿ, ಸಾಹೇಬರತ್ತ ಬಾಗಿ, ಪಕ್ಕದಲ್ಲಿದ್ದ ನಮಗೂ ಕೇಳುವಂತೆ ಹೇಳಿದರು: ನಮ್ಮಲ್ಲಿ ಮುಖ್ಯಸ್ಥರು ರೆಕ್ಟರ್. ನಾನು ಕಚೇರಿ, ನೌಕರರು, ಕಟ್ಟಡ ನೋಡಿಕೊಳ್ಳುವವನು, ಅಷ್ಟೇ.

ಸಾಹೇಬರು ಹೌಹಾರಿ ಎದ್ದರು. ರೆಕ್ಟರಮ್ಮ ಮಾತ್ರ ನಗುತ್ತ ಸಮಾಧಾನ ಹೇಳಿದರು. ಅಮೆರಿಕದಲ್ಲಿ ನಮ್ಮಂಥವರನ್ನು ಪ್ರೆಸಿಡೆಂಟ್ ಅನ್ನುತ್ತಾರೆ, ಸ್ಕಾಟ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ರೆಕ್ಟರನ್ನು ಹುಡುಗರೇ ಓಟು ಹಾಕಿ ಆರಿಸುತ್ತಾರೆ, ಆಡಳಿತ ನಡೆಸುವವರು ಬೇರೆ, ಯಾರಿಗೆ ತಾನೇ ಗೊಂದಲವಾಗುವುದಿಲ್ಲ ಎಂದರು. ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದ ಕುಲಸಚಿವರು ಎದೆ ಮುಟ್ಟಿಕೊಂಡರು. "ಕಚೇರಿ, ನೌಕ್ರು, ಕಟ್ಟಡ... ಅದು ನನ್ ಕೆಲ್ಸ ಅಲ್ವೇನ್ಲಾ! ಜರ್ಮನೀಲಿ ಉಟ್ಟಿದ್ರೆ ನಾನು ಚಾನ್ಸೆಲರ್ರು!"

ಅವತ್ತು ಸಂಜೆ ಕಾರಿನ ಹಿಂದಿನ ಎಡಗಡೆ ಸೀಟಿನಲ್ಲಿ ಕೂತವರು ಕುಲಸಚಿವರೇ.

ಮಳವಳ್ಳಿಯ ಬೀಗರೂಟ

ಮಾರನೆಯ ದಿನ ಸಹಿ. ಸಾಹೇಬರು ಹೊಸ ಪೆನ್ನು ತಂದಿದ್ದರು. ಮುಚ್ಚಳ ತೆಗೆಯುವ ಹೊತ್ತಿಗೆ ಆದೇಶ ಬಂತು. ಪ್ರಭಾರವನ್ನು ಹಿರಿಯ ಡೀನ್‌ಗೆ ವಹಿಸಿಕೊಡಿ! ಸಾಹೇಬರ ಮುಖ ನೋಡಲಾಗಲಿಲ್ಲ. ಡೀನ್ ಎಲ್ಲಿ ಅಂದರೆ, ಮಳವಳ್ಳಿಯಲ್ಲಿ, ಮಗನ ಮದುವೆಯ ಬೀಗರೂಟದಲ್ಲಿ. ಫೋನು ಎತ್ತುತ್ತಿಲ್ಲ. ಅವರನ್ನು ಒಂದು ಮಾತು ಕೇಳದೆ ಸಹಿ ಬೇಡ ಎಂದು ಕುಲಸಚಿವರು ಹಟ ಹಿಡಿದರು. ಅತಿಥಿಗಳಿಗೆ ಸಂಜೆ ವಿಮಾನ. ಸರಿ, ಎಲ್ಲರೂ ಮಳವಳ್ಳಿಗೆ ಹೊರಟೆವು.

ಡೀನ್ ಆಗಲೇ ಎಲೆಯ ಮುಂದೆ ಕೂತು ಮುದ್ದೆ ಮುರಿದಿದ್ದರು. ಆದೇಶ ತೋರಿಸಿದೆವು. ಅವರು ಕೈಯನ್ನು ಸಾರಿನಿಂದ ಎತ್ತಲೇ ಇಲ್ಲ.

"ಈಗ ಎದ್ರೆ ಬೀಗ್ರು ಮುನಿಸ್ಕೋತಾರೆ ಸಾ. ಕೈ ತೊಳುದ್ ಮ್ಯಾಲೆ ಚಾರ್ಜ್ ತಗೋತೀನಿ. ಅಲ್ಲೀಗಂಟ ನೀವೇ ವೀಸಿ. ಯಾತುಕ್ ಬೇಕೋ ಸೈನ್ ಆಕ್ಕಳಿ, ನನ್ ಒಪ್ಗೆ ಅದೆ."

ಸಾಹೇಬರು ಪೆನ್ನು ತೆಗೆದು ತಿರುಗಿದರೆ ರೆಕ್ಟರಮ್ಮ ಎಲ್ಲಿ? ಬೀಗಿತಿಯರು ಅವರನ್ನೂ ಎಲೆಯ ಮುಂದೆ ಕೂರಿಸಿಬಿಟ್ಟಿದ್ದರು. ಬಲಗೈ ಬೆರಳಿಗೆಲ್ಲ ಮುದ್ದೆ. ಈಗ ಡೀನ್, ರೆಕ್ಟರಮ್ಮ ಇಬ್ಬರಲ್ಲಿ ಯಾರು ಮೊದಲು ಕೈ ತೊಳೆಯುತ್ತಾರೆ ಅನ್ನುವುದರ ಮೇಲೆ ಒಪ್ಪಂದ ನಿಂತಿತ್ತು.

ಸಾಹೇಬರು ಕೋಟು ಕಳಚಿ, ಬಡಿಸುವವನ ಕೈಯಿಂದ ಬಕೆಟ್ಟು ಕಿತ್ತುಕೊಂಡರು. "ಡೀನ್ ಸಾಹೇಬ್ರಿಗೆ ಇನ್ನೊಂದು ಮುದ್ದೆ! ಪೀಸ್ ಹಾಕಿ, ಸಾರು ಬಿಡಿ!" ಡೀನ್ ಬೇಡ ಬೇಡ ಅನ್ನುವುದು, ಬೀಗರು ಇಕ್ಕಿ ಇಕ್ಕಿ ಅನ್ನುವುದು. ಈ ಕಡೆ ನಾನು ರೆಕ್ಟರಮ್ಮನ ಎಲೆಗೆ ಕೈ ಅಡ್ಡ ಹಿಡಿದರೆ, ಆಯಮ್ಮ ನನ್ನ ಕೈ ಸರಿಸಿ ತಾನೇ ಇನ್ನೊಂದು ಮುದ್ದೆ ಕೇಳಬೇಕೆ! ಕೊನೆಗೆ ಕಾಪಾಡಿದವರು ಜರ್ಮನಿಯ ಚಾನ್ಸೆಲರ್. ಸದ್ದಿಲ್ಲದೆ ಎದ್ದು ಹೋಗಿ ಚೊಂಬಿನಲ್ಲಿ ನೀರು ತಂದು, ಎಲೆಯ ಮುಂದೆಯೇ ರೆಕ್ಟರಮ್ಮನ ಕೈ ತೊಳೆಸಿದರು. ರೆಕ್ಟರಮ್ಮ ಸಹಿ ಹಾಕಿದರು. ಸಾಹೇಬರು ಬಕೆಟ್ಟು ಕೆಳಗಿಟ್ಟು ತಮ್ಮ ಪೂರ್ತಿ ಹೆಸರು ಬರೆದರು. ಅಷ್ಟರಲ್ಲಿ ಒಲೆಯ ಕಡೆಯಿಂದ ಅಡುಗೆಯವನು ಕೂಗಿದ: "ಮುದ್ದೆ ಮುಗೀತು ಕಣ್ರಪ್ಪೋ!" ಡೀನ್ ತೇಗುತ್ತ ಎದ್ದರು.

ಸಾಹೇಬರು ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಪೂರ್ತಿ ಒರಗಿ ಕೂತು ಕಣ್ಣು ಮುಚ್ಚಿದರು. ನನ್ನ ಕಣ್ಣು ಒದ್ದೆಯಾಯಿತು, ಸಾರಿನ ಖಾರಕ್ಕಲ್ಲ.

ರೆಕ್ಟರಮ್ಮ ಕುತೂಹಲದಿಂದ ಕೇಳಿದರು, ನಿಮ್ಮ ದೇಶದಲ್ಲಿ ವೈಸ್ ಚಾನ್ಸೆಲರರ ಅವಧಿ ಎಷ್ಟು ಅಂತ.

ಕುಲಸಚಿವರು ಬರಿದಾದ ಪಾತ್ರೆಯತ್ತ ನೋಡಿ, "ಅದು ಮುದ್ದೆ ಎಷ್ಟು ಕಟ್ಟವ್ರೆ ಅನ್ನೋದ್ರ ಮ್ಯಾಲೆ ಮೇಡಂ" ಅಂದರು.